ಟೋಕಿಯೊ ದರ್ಶನ: ಒಂದು ದಿನದ ದಾರಿ, ಮೂರು ಬೆಂಕಿಗಳು

ಊರಿನಿಂದ ನೆಂಟರು ಬಂದಾಗ ಮುಂಬಯಿಯ ಕನ್ನಡಿಗರು ಅವರನ್ನು ಒಂದು ದಿನ ‘ಮುಂಬಯಿ ದರ್ಶನ’ದ ಬಸ್ಸು ಹತ್ತಿಸುವುದು ವಾಡಿಕೆ. ಪುಣೆಯಲ್ಲಿ ‘ಪುಣೆ ದರ್ಶನ’ವಿದೆ, ದಿಲ್ಲಿ, ಹೈದರಾಬಾದುಗಳಲ್ಲಿಯೂ ಇಂಥ ಬಸ್ಸುಗಳಿವೆ. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಈ ಸುತ್ತಾಟವನ್ನು ಇತಿಹಾಸದ ಆಕರವೆಂದು ಯಾರೂ ಎಣಿಸುವುದಿಲ್ಲ. ಆದರೆ ಒಂದು ಮಹಾನಗರವು ಹೊರಗಿನವರಿಗೆ ಏಳೆಂಟು ಗಂಟೆಗಳಲ್ಲಿ ತನ್ನ ಪರಿಚಯ ಮಾಡಿಕೊಡುವಾಗ ಏನನ್ನು ಆರಿಸುತ್ತದೆ, ಏನನ್ನು ಕೈಬಿಡುತ್ತದೆ, ಯಾವುದರ ಮುಂದೆ ಬಸ್ಸನ್ನು ನಿಲ್ಲಿಸುತ್ತದೆ, ಯಾವುದನ್ನು ಕಿಟಕಿಯಿಂದಲೇ ತೋರಿಸಿ ಮುಂದೆ ಸಾಗುತ್ತದೆ ಎಂಬುದೆಲ್ಲ ಆ ನಗರ ತನ್ನ ಬಗ್ಗೆ ತಾನೇ ಬರೆದುಕೊಂಡ ಚರಿತ್ರೆಯಾಗಿರುತ್ತದೆ. ಟೋಕಿಯೊದ ಒಂದು ದಿನದ ಮಾರ್ಗದರ್ಶಿ ಪ್ರವಾಸವನ್ನು ಈ ಕಣ್ಣಿನಿಂದ ಓದುವ ಪ್ರಯತ್ನ ಇಲ್ಲಿದೆ. ಆ ದಾರಿ ಸುಮಿದಾ ನದಿಯ ಬಲದಂಡೆಯಲ್ಲಿ ಬಹು ಹೊತ್ತು ಕಳೆಯುತ್ತದೆ, ಎಡದಂಡೆಯ ಒಂದು ಮೂಲೆಯನ್ನು ಮಾತ್ರ ಮುಟ್ಟುವುದೇ ಇಲ್ಲ. ಆ ಮೂಲೆ ಏನೆಂಬುದಕ್ಕೆ ಮುಂದೆ ಬರುತ್ತೇನೆ.

ಸ್ಥಳ ತೋರಿಸುವ ಕಲೆ ಆ ಊರಿನಲ್ಲಿ ಬಸ್ಸಿಗಿಂತ ಬಹಳ ಹಳೆಯದು. 1868ರವರೆಗೆ ಟೋಕಿಯೊದ ಹೆಸರು ಎದೊ. ತೊಕುಗಾವಾ ಶೋಗುನರ ಆಡಳಿತದ ಕೇಂದ್ರ ಅದು. ನೋಡತಕ್ಕ ಸ್ಥಳಕ್ಕೆ ಜಪಾನೀಯರ ಹಳೆಯ ಮಾತು ‘ಮೆಯ್ಶೊ’, ಎಂದರೆ ಹೆಸರಾದ ಜಾಗ. ಒಂದು ಜಾಗ ಚೆಲುವಾಗಿದ್ದರೆ ಸಾಲದು, ಯಾರಾದರೂ ಕವಿ ಅದನ್ನು ಹಾಡಿರಬೇಕು ಅಥವಾ ಅದಕ್ಕೊಂದು ಕಥೆ ಅಂಟಿರಬೇಕು. ನಮ್ಮ ಸ್ಥಳಪುರಾಣಗಳ ಬುದ್ಧಿಯೇ ಅಲ್ಲಿಯೂ ಕೆಲಸ ಮಾಡಿದೆ. ಎದೊ ನಗರದ ಇಂಥ ಜಾಗಗಳನ್ನೆಲ್ಲ ಸೈತೊ ಎಂಬ ಮನೆತನದ ಮೂರು ತಲೆಮಾರಿನವರು ಕಾಲ್ನಡಿಗೆಯಲ್ಲಿ ಸುತ್ತಿ ಬರೆದಿಟ್ಟರು. ಅಜ್ಜ ಆರಂಭಿಸಿದ ಕೆಲಸವನ್ನು ಮಗ ಮುಂದುವರಿಸಿ ಮೊಮ್ಮಗ ಮುಗಿಸಿದ. ಹಾಸೆಗಾವಾ ಸೆತ್ತಾನನ ಚಿತ್ರಗಳೊಡನೆ ‘ಎದೊ ಮೆಯ್ಶೊ ಜೂಎ’ ಎಂಬ ಆ ಗ್ರಂಥ 1834 ಮತ್ತು 1836ರಲ್ಲಿ ಎರಡು ಕಂತುಗಳಾಗಿ, 20 ಹೊತ್ತಗೆಗಳಲ್ಲಿ ಹೊರಬಂತು. ಹಳ್ಳಿಗಾಡಿನಿಂದ ಎದೊಗೆ ಬಂದವರು ಇಂಥ ಪುಸ್ತಕಗಳನ್ನೂ ಮರದಚ್ಚಿನ ಚಿತ್ರಗಳನ್ನೂ ಊರಿಗೆ ಕೊಂಡೊಯ್ಯುತ್ತಿದ್ದರು.

ವಿದೇಶೀಯರಿಗೆ ದಾರಿ ತೋರಿಸುವುದು ಮಾತ್ರ ಬೇರೆಯೇ ವ್ಯವಹಾರ. ಬಂದರು ಪಟ್ಟಣಗಳಲ್ಲಿ ನೆಲೆಸಿದ ಪಾಶ್ಚಾತ್ಯರು ಗೊತ್ತುಪಡಿಸಿದ ಗಡಿಯಾಚೆ ಒಳನಾಡಿಗೆ ಹೋಗಬೇಕಾದರೆ 1899ರವರೆಗೂ ಪ್ರತ್ಯೇಕ ಪರವಾನಗಿ ಬೇಕಾಗಿತ್ತು. ಆ ಕಟ್ಟುಪಾಡು ಇರುವಾಗಲೇ, 1893ರಲ್ಲಿ, ಉದ್ಯಮಿ ಶಿಬುಸಾವಾ ಎಇಚಿ ಮೊದಲಾದವರು ಸೇರಿ ಅತಿಥಿಗಳನ್ನು ಸ್ವಾಗತಿಸುವ ‘ಕಿಹಿನ್‌ಕಾಯ್’ ಎಂಬ ಸಂಘವನ್ನು ಸ್ಥಾಪಿಸಿದರು. ಅಸಮಾನ ಒಪ್ಪಂದಗಳಿಂದ ಹೊರಬರಲು ಹೆಣಗುತ್ತಿದ್ದ ದೇಶಕ್ಕೆ, ಬಂದವರ ಕಣ್ಣಿಗೆ ತಾನು ನಾಗರಿಕವಾಗಿ ಕಾಣಬೇಕೆಂಬ ತವಕವಿತ್ತು. ಮಾರ್ಗದರ್ಶಿಗಳು ಸರಕಾರದ ಪರವಾನಗಿ ಪಡೆಯಬೇಕೆಂಬ ನಿಯಮ 1907ರಲ್ಲಿ ಬಂತು. ಈ ನಡುವೆ, 1898ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿಬಂದದ್ದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಆಗ ಅವರಿನ್ನೂ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ಮೈಸೂರಿನ ಚೀಫ್ ಎಂಜಿನಿಯರ್ ಆದದ್ದು 1909ರಲ್ಲಿ. ಅವರ ಕುತೂಹಲವೆಲ್ಲ ಶಾಲೆ, ಕಾರ್ಖಾನೆ, ಕೈಗಾರಿಕೆಗಳ ಮೇಲೆ. ಮೆಯ್ಜಿ ಯುಗದ ಜಪಾನು ಹೊರಗಿನವರಿಗೆ ತೋರಿಸಲು ಬಯಸಿದ್ದೂ ಅವನ್ನೇ. ನೋಡುವವರ ಆಸೆಯೂ ತೋರಿಸುವವರ ಆಸೆಯೂ ಅಷ್ಟು ಚೆನ್ನಾಗಿ ಹೊಂದಿಕೊಂಡ ಪ್ರವಾಸಗಳು ವಿರಳ. ಅವರು ಹೋದ ಕಾಲದ ಟೋಕಿಯೊದಲ್ಲಿ ಇಂದು ಹುಡುಕಿದರೂ ಸಿಗುವುದು ಅಲ್ಪ. 1923 ಮತ್ತು 1945ರಲ್ಲಿ ಅದು ಎರಡು ಸಲ ಸುಟ್ಟುಹೋಯಿತು.

ಗೊತ್ತಾದ ದಾರಿಯಲ್ಲಿ ಸುತ್ತುವ ‘ಯೂರಾನ್’ ಬಸ್ಸು ಟೋಕಿಯೊದಲ್ಲಿ ಆರಂಭವಾದದ್ದು 1925ರ ಕೊನೆಯಲ್ಲಿ, ಎಂದರೆ ಮಹಾಭೂಕಂಪವಾಗಿ ಎರಡೇ ವರ್ಷಕ್ಕೆ. ಬಸ್ಸಿನಲ್ಲಿ ಮಹಿಳಾ ಮಾರ್ಗದರ್ಶಿಯರನ್ನು ನಿಲ್ಲಿಸುವ ಪದ್ಧತಿಗೆ ಹೆಸರು ತಂದುಕೊಟ್ಟದ್ದು ಟೋಕಿಯೊ ಅಲ್ಲ, ದಕ್ಷಿಣದ ಬಿಸಿನೀರ ಬುಗ್ಗೆಗಳ ಪಟ್ಟಣ ಬೆಪ್ಪು. ಅಲ್ಲಿಯ ಹೋಟೆಲು ಮಾಲೀಕ ಅಬುರಾಯಾ ಕುಮಾಹಾಚಿ 1928ರಲ್ಲಿ ಓಡಿಸಿದ ಬಸ್ಸಿನಲ್ಲಿ ಹುಡುಗಿಯರು ಏಳು-ಐದು ಮಾತ್ರೆಗಳ ಜಪಾನಿ ಛಂದಸ್ಸಿನಲ್ಲಿ ಸ್ಥಳವರ್ಣನೆಯನ್ನು ರಾಗವಾಗಿ ಹೇಳುತ್ತಿದ್ದರು. ಬಾಯಿಪಾಠದ ಈ ಪರಂಪರೆ ಇಂದಿಗೂ ಸತ್ತಿಲ್ಲ. ಟೋಪಿ, ಕೈಗವಸು ತೊಟ್ಟ ಮಾರ್ಗದರ್ಶಿ ಅಂಗೈಯನ್ನು ಚಾಚಿ ‘ಬಲಗಡೆ ದಯವಿಟ್ಟು ನೋಡಿರಿ’ ಎನ್ನುವ ಭಂಗಿ ಜಪಾನೀಯರಿಗೆ ನಗೆನಾಟಕಗಳಲ್ಲಿ ಅಣಕಿಸುವಷ್ಟು ಪರಿಚಿತ. ಬಸ್ ಹುಡುಗಿಯ ಮೇಲಿನ ಒಂದು ಸಿನಿಮಾ ಧಾಟಿಯ ಹಾಡು 1957ರಲ್ಲಿ ದೇಶದ ಉದ್ದಗಲಕ್ಕೂ ಕೇಳಿಬಂದಿತ್ತು.

ಯುದ್ಧಕಾಲದಲ್ಲಿ ನಿಂತುಹೋದ ನಗರದರ್ಶನವನ್ನು ಮತ್ತೆ ಆರಂಭಿಸಿದ್ದು ಇಂದಿನ ಹಾತೊ ಬಸ್ ಕಂಪನಿ. ‘ಹಾತೊ’ ಎಂದರೆ ಪಾರಿವಾಳ. ಶಾಂತಿಯ ಸಂಕೇತವೆಂದೂ, ಎಲ್ಲಿ ಬಿಟ್ಟರೂ ಗೂಡಿಗೆ ಸುರಕ್ಷಿತವಾಗಿ ಮರಳುವ ಹಕ್ಕಿಯೆಂದೂ ಆ ಹೆಸರನ್ನು ಆರಿಸಿದರು. 1949ರ ಮಾರ್ಚಿಯಲ್ಲಿ ಹೊರಟ ಅದರ ಮೊದಲ ಅರ್ಧದಿನದ ನಿಯತ ಸುತ್ತಿಗೆ 250 ಯೆನ್ ದರ. ದಾರಿ ಹೀಗಿತ್ತು: ಉಎನೊ ಉದ್ಯಾನ, ಅರಮನೆಯ ಮುಂದಿನ ಬಯಲು, ಅಕಾಸಾಕಾ ಅರಮನೆ, ಅಸಾಕುಸಾದ ಕಾನ್ನೊನ್ ದೇಗುಲ.

ಈ ನಾಲ್ಕು ಹೆಸರುಗಳ ಮೇಲೆ ಒಂದು ಕ್ಷಣ ನಿಲ್ಲಬೇಕು. ದೇಶ ಅಮೆರಿಕನ್ ಸೇನೆಯ ಅಧೀನದಲ್ಲಿದ್ದ ಕಾಲ ಅದು. ಉಎನೊ ಸ್ಟೇಷನ್ನಿನ ನೆಲಮಾಳಿಗೆಯ ಹಾದಿಗಳಲ್ಲಿ ಯುದ್ಧದ ಅನಾಥ ಮಕ್ಕಳು ಮಲಗುತ್ತಿದ್ದ ದಿನಗಳು ಇನ್ನೂ ಹಿಂದೆ ಸರಿದಿರಲಿಲ್ಲ. ಅರಮನೆಯ ಮುಖ್ಯ ಕಟ್ಟಡಗಳು 1945ರ ಮೇ ತಿಂಗಳಲ್ಲಿ ಸುಟ್ಟಿದ್ದವು. ಅಕಾಸಾಕಾ ಅರಮನೆಯಲ್ಲಿ ಆಗ ಸಂಸತ್ತಿನ ಗ್ರಂಥಾಲಯವಿತ್ತು. ಅಸಾಕುಸಾದ ದೇಗುಲವೋ, ಮಾರ್ಚಿ 10ರ ರಾತ್ರಿಯ ಬಾಂಬುದಾಳಿಯಲ್ಲಿ ಬೂದಿಯಾಗಿತ್ತು. ಪಾರಿವಾಳದ ಬಸ್ಸು ಜನರನ್ನು ಕರೆದೊಯ್ದದ್ದು ಇಲ್ಲದ ಅರಮನೆಗೆ, ಇಲ್ಲದ ದೇಗುಲಕ್ಕೆ. ಆದರೂ ಜನ ಹತ್ತಿದರು. ನಗರದ ನಕ್ಷೆ ಕಲ್ಲುಮರಗಳಲ್ಲಿ ಉಳಿಯದಿದ್ದರೂ ನೆನಪಿನಲ್ಲಿ ಉಳಿದಿತ್ತು. ಮಾರ್ಗದರ್ಶಿ ಅದನ್ನು ಬಾಯಿಯಿಂದ ಕಟ್ಟಿ ತೋರಿಸುತ್ತಿದ್ದಳು.

ಇಂದಿನ ಪ್ರವಾಸ ಸಾಮಾನ್ಯವಾಗಿ ಟೋಕಿಯೊ ಸ್ಟೇಷನ್ನಿನ ಪಶ್ಚಿಮದ ಮಾರುನೊಉಚಿ ಬದಿಯಿಂದ ಹೊರಡುತ್ತದೆ. ತಾತ್ಸುನೊ ಕಿಂಗೊ ರೂಪಿಸಿದ ಕೆಂಪಿಟ್ಟಿಗೆಯ ಆ ಕಟ್ಟಡ 1914ರದು. ಭೂಕಂಪದಲ್ಲಿ ಅದು ಗಟ್ಟಿಯಾಗಿ ನಿಂತಿತು. 1945ರ ಮೇ 25ರ ದಾಳಿಯಲ್ಲಿ ಗುಮ್ಮಟಗಳೂ ಮೂರನೆಯ ಅಂತಸ್ತೂ ಹೋದವು. ತಾತ್ಕಾಲಿಕವೆಂದು ಹಾಕಿದ ಎರಡಂತಸ್ತಿನ ಚಾವಣಿಯಲ್ಲೇ ಅದು ಅರುವತ್ತು ವರ್ಷಗಳಿಗೂ ಮೇಲೆ ಕಳೆಯಿತು; ಮೂಲದ ರೂಪ ಮರಳಿದ್ದು 2012ರಲ್ಲಿ. ಅಲ್ಲಿಂದ ಕೆಲವೇ ನಿಮಿಷದ ದಾರಿಯಲ್ಲಿ ಅರಮನೆಯ ಕಂದಕ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಎರಡು ಕಮಾನಿನ ಕಲ್ಲುಸೇತುವೆಯನ್ನು ‘ನಿಜೂಬಾಶಿ’ ಎಂದು ಕರೆಯುವುದು ರೂಢಿ. ಕಟ್ಟುನಿಟ್ಟಾದ ಮಾರ್ಗದರ್ಶಿಯಾದರೆ, ಆ ಹೆಸರು ನಿಜಕ್ಕೂ ಹಿಂದಿರುವ ಕಬ್ಬಿಣದ ಸೇತುವೆಯದು ಎಂದು ತಿದ್ದುತ್ತಾಳೆ. ಒಳಗಿನ ಈಗಿನ ಅರಮನೆ 1968ರದು. ಎದೊ ಕೋಟೆಯ ಮಹಾಗೋಪುರ ಮಾತ್ರ ಇಲ್ಲ. ಅದು ನಿಂತಿದ್ದ ಕಲ್ಲಿನ ಜಗಲಿ ಇದೆ. ಗೋಪುರ ಸುಟ್ಟದ್ದು 1657ರಲ್ಲಿ. ಊರೇ ಬೂದಿಯಾಗಿರುವಾಗ ಕಾಲ ಸಂದ ಗೋಪುರಕ್ಕೆ ಹಣ ಸುರಿಯುವುದು ಬೇಡವೆಂದು ಶೋಗುನನ ಹತ್ತಿರದ ಬಂಧು ಹೊಶಿನಾ ಮಾಸಾಯುಕಿ ತಡೆದ. ಆಮೇಲೆ ಯಾರೂ ಅದನ್ನು ಕಟ್ಟಲಿಲ್ಲ. ಆಳುವವರು ತೆಗೆದುಕೊಂಡ ನಿರ್ಧಾರಗಳಲ್ಲಿ ಅಪರೂಪಕ್ಕೆ ಮೆಚ್ಚಬಹುದಾದದ್ದು ಇದು.

ಮೆಯ್ಜಿ ದೇಗುಲದ ಕಾಡು ಅನೇಕರನ್ನು ಬೆರಗುಗೊಳಿಸುತ್ತದೆ. ಮಹಾನಗರದ ನಡುವೆ ಸುಮಾರು 70 ಹೆಕ್ಟೇರಿನ ದಟ್ಟ ಅರಣ್ಯ. ಆದಿಕಾಲದ ವನವೆಂದು ತೋರುವ ಅದು 1920ರಲ್ಲಿ ಆರಂಭವಾದ ದೇಗುಲಕ್ಕಾಗಿ, ದೇಶದ ಮೂಲೆಮೂಲೆಗಳಿಂದ ಜನ ಕಾಣಿಕೆಯಾಗಿ ಕಳಿಸಿದ ಸುಮಾರು ಒಂದು ಲಕ್ಷ ಗಿಡಗಳನ್ನು ನೆಟ್ಟು ಬೆಳೆಸಿದ್ದು. ಪ್ರಧಾನಿ ಒಕುಮಾ ಶಿಗೆನೊಬು ದೇವದಾರುವಿನಂಥ ಸುಗಿ ಮರಗಳ ತೋಪೇ ಆಗಬೇಕೆಂದು ಹಟ ಹಿಡಿದಿದ್ದರು. ಅರಣ್ಯತಜ್ಞ ಹೊಂದಾ ಸೆಇರೊಕು ಮತ್ತು ಸಂಗಡಿಗರು ನಗರದ ಹೊಗೆಯಲ್ಲಿ ಸುಗಿ ಬಾಳುವುದಿಲ್ಲವೆಂದು ವಾದಿಸಿ, ಅಗಲ ಎಲೆಯ ನಿತ್ಯಹಸಿರು ಮರಗಳನ್ನು ಮಿಶ್ರವಾಗಿ ನೆಡಿಸಿದರು. ನೂರೈವತ್ತು ವರ್ಷಗಳಾಚೆ ಆ ಕಾಡು ತನ್ನನ್ನು ತಾನೇ ಬೆಳೆಸಿಕೊಳ್ಳುವಂತಾಗಬೇಕೆಂಬುದು ಅವರ ಲೆಕ್ಕ. 1945ರ ಏಪ್ರಿಲ್‌ನಲ್ಲಿ ಗರ್ಭಗುಡಿಯ ಕಟ್ಟಡಗಳು ಸುಟ್ಟವು, ಕಾಡು ಉಳಿಯಿತು. ದೇಗುಲವನ್ನು ಮತ್ತೆ ಕಟ್ಟಿ ಮುಗಿಸಿದ್ದು 1958ರಲ್ಲಿ.

ಈ 1958 ಎಂಬ ಅಂಕಿ ಇಡೀ ದಿನ ಹಿಂಬಾಲಿಸುತ್ತದೆ. 333 ಮೀಟರಿನ ಟೋಕಿಯೊ ಟವರ್ ತೆರೆದದ್ದು 1958ರ ಡಿಸೆಂಬರಿನಲ್ಲಿ. ಅದರ ಮೇಲ್ಭಾಗದ ಉಕ್ಕಿನಲ್ಲಿ ಕೊರಿಯಾ ಯುದ್ಧದಲ್ಲಿ ಬಳಸಿ ಗುಜರಿಗೆ ಹಾಕಿದ ಅಮೆರಿಕನ್ ಟ್ಯಾಂಕುಗಳನ್ನು ಕರಗಿಸಿ ಪಡೆದ ಲೋಹವಿದೆ. ಉಎನೊದ ಶಿನೊಬಾಜು ಕೊಳದ ನಡುಗಡ್ಡೆಯಲ್ಲಿ ಬೆನ್‌ಜಾಯ್‌ತೆನ್‌ಳ ಗುಡಿಯಿದೆ. ವೀಣೆಯ ಬದಲು ‘ಬಿವಾ’ ಹಿಡಿದ ಈಕೆ ನಮ್ಮ ಸರಸ್ವತಿಯೇ. ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವಳು. ಆ ಗುಡಿಯೂ 1945ರಲ್ಲಿ ಸುಟ್ಟು 1958ರಲ್ಲಿ ಮರಳಿ ಎದ್ದದ್ದು. ಅದೇ ವರ್ಷ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಿದ ಕ್ರೀಡಾಂಗಣದಲ್ಲಿ ಮಿಲ್ಖಾ ಸಿಂಗ್ 200 ಮೀಟರು, 400 ಮೀಟರು ಎರಡರಲ್ಲೂ ಚಿನ್ನ ಗೆದ್ದರು. ಆ ಕ್ರೀಡಾಂಗಣವನ್ನು 2015ರಲ್ಲಿ ಕೆಡವಿದರು. ಅಸಾಕುಸಾದ ಸೆನ್ಸೊ-ಜಿ ದೇಗುಲದ ಮುಖ್ಯ ಮಂದಿರವೂ 1958ರದೇ. ಪ್ರವಾಸಿ ಒಂದೇ ದಿನದಲ್ಲಿ ಏಳನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗೆ ನಡೆದೆನೆಂದುಕೊಳ್ಳುತ್ತಾನೆ. ಕಟ್ಟಡಗಳ ಲೆಕ್ಕದಲ್ಲಿ ಆತ ಹೆಚ್ಚಾಗಿ ಒಂದೇ ವರ್ಷದೊಳಗೆ ಸುತ್ತಿರುತ್ತಾನೆ.

ಸೆನ್ಸೊ-ಜಿಯ ಐತಿಹ್ಯ 628ನೆಯ ಇಸವಿಯದು. ಸುಮಿದಾ ನದಿಯಲ್ಲಿ ಬಲೆ ಬೀಸಿದ ಇಬ್ಬರು ಸೋದರರಿಗೆ ಕಾನ್ನೊನ್, ಎಂದರೆ ಅವಲೋಕಿತೇಶ್ವರನ ಪುಟ್ಟ ವಿಗ್ರಹ ಸಿಕ್ಕಿತು. ಊರ ಹಿರಿಯನೊಬ್ಬ ತನ್ನ ಮನೆಯನ್ನೇ ಗುಡಿಯಾಗಿಸಿದ. ಆ ವಿಗ್ರಹವನ್ನು ಯಾರಿಗೂ ತೋರಿಸುವುದಿಲ್ಲ. 1649ರಲ್ಲಿ ಕಟ್ಟಿದ ಮಹಾಮಂದಿರ 1923ರ ಬೆಂಕಿಯಿಂದ ಪಾರಾಗಿತ್ತು. ಕಾನ್ನೊನ್ ಕಾಪಾಡುತ್ತಾಳೆಂಬ ಆ ನಂಬಿಕೆಯಿಂದಲೇ 1945ರಲ್ಲಿ ಅನೇಕರು ಅಲ್ಲಿಗೆ ಓಡಿಬಂದರು. ಈ ಸಲ ಮಂದಿರವೂ ಉಳಿಯಲಿಲ್ಲ. ಇಂದಿನದು ಕಾಂಕ್ರೀಟಿನದು, ಚಾವಣಿಗೆ 2010ರಲ್ಲಿ ಟೈಟೇನಿಯಂ ಹೆಂಚು ಹೊದಿಸಿದ್ದಾರೆ. 3.9 ಮೀಟರು ಎತ್ತರದ ಕೆಂಪು ದೀಪ ತೂಗುವ ಕಾಮಿನಾರಿಮೊನ್ ಬಾಗಿಲು 1865ರಲ್ಲೇ ಸುಟ್ಟು ತೊಂಬತ್ತೈದು ವರ್ಷ ಇರಲೇ ಇಲ್ಲ. ಅದನ್ನು 1960ರಲ್ಲಿ ಕಟ್ಟಿಸಿಕೊಟ್ಟವರು ವಿದ್ಯುತ್ ಉಪಕರಣಗಳ ಉದ್ಯಮಿ ಮಾತ್ಸುಶಿತಾ ಕೊನೊಸುಕೆ. ಎಲ್ಲರೂ ಕ್ಯಾಮೆರಾ ಎತ್ತುವುದು ಇಲ್ಲಿ. ಪೂರ್ವದ ಪಕ್ಕದಲ್ಲಿರುವ ನಿತೆನ್‌ಮೊನ್ ಎಂಬ ಕೆಂಪು ಬಾಗಿಲು 1618ರದು, ಮೂರು ಬೆಂಕಿಗಳನ್ನೂ ಕಂಡು ಬದುಕಿದ್ದು. ಅದರ ಮುಂದೆ ಜನಸಂದಣಿ ಇರುವುದಿಲ್ಲ.

ಮಧ್ಯಾಹ್ನದ ಮೇಲೆ ಹಲವು ಪ್ರವಾಸಗಳು ಅಸಾಕುಸಾದಿಂದ ದೋಣಿಯೇರಿಸಿ ಸುಮಿದಾ ನದಿಯಲ್ಲಿ ಸಮುದ್ರದ ಕಡೆಗೆ ಕರೆದೊಯ್ಯುತ್ತವೆ. ಎಡಕ್ಕೆ 634 ಮೀಟರಿನ ಸ್ಕೈಟ್ರೀ. ಒಂದೊಂದೇ ಸೇತುವೆ ತಲೆಯ ಮೇಲೆ ಹಾದುಹೋಗುತ್ತದೆ. ಬಹುತೇಕ ಸೇತುವೆಗಳು 1923ರ ಭೂಕಂಪದ ಬಳಿಕ ಹೊಸದಾಗಿ ಕಟ್ಟಿದವು, ಒಂದರ ಹಾಗೆ ಇನ್ನೊಂದಿಲ್ಲ. ಕುರಾಮಾಯೆ ಸೇತುವೆ ದಾಟುತ್ತಲೇ ಎಡದಂಡೆಯಲ್ಲಿ ಸೂಮೊ ಕುಸ್ತಿಯ ಕೊಕುಗಿಕಾನ್ ಭವನದ ಹಸಿರು ಚಾವಣಿ ಕಾಣುತ್ತದೆ. ಮಾರ್ಗದರ್ಶಿ ಅದನ್ನು ತೋರಿಸುತ್ತಾಳೆ. ಅದರ ಬೆನ್ನಿಗೆ, ಕಟ್ಟಡಗಳ ಮರೆಯಲ್ಲಿ, ಯೊಕೊಅಮಿಚೊ ಎಂಬ ಸಣ್ಣ ಉದ್ಯಾನವಿದೆ. ದಾರಿ ಮುಟ್ಟದ ಮೂಲೆ ಎಂದು ಮೊದಲಲ್ಲಿ ಹೇಳಿದ್ದು ಇದನ್ನೇ.

ಮೂರು ಬೆಂಕಿಗಳ ಕಥೆಯೂ ಈ ದಂಡೆಗೆ ಬಂದು ಸೇರುತ್ತದೆ. ಮೊದಲನೆಯದು 1657ರ ಮಾರ್ಚಿಯದು, ಮೆಯ್‌ರೆಕಿ ಬೆಂಕಿ. ಶಾಪಗ್ರಸ್ತವಾದ ನಿಲುವಂಗಿಯೊಂದನ್ನು ದೇಗುಲದಲ್ಲಿ ಸುಡುವಾಗ ಗಾಳಿಗೆ ಹಾರಿ ಊರಿಗೆ ಹತ್ತಿತೆಂಬ ದಂತಕಥೆಯಿದೆ. ಒಂದು ಲಕ್ಷ ಜನ ಸತ್ತರೆಂಬುದು ಪರಂಪರೆಯ ಲೆಕ್ಕ. ಎದೊವನ್ನು ಶತ್ರುಗಳಿಂದ ಕಾಯಲೆಂದು ಶೋಗುನರು ಸುಮಿದಾ ನದಿಗೆ, ದೂರದ ಸೆಂಜುವಿನಲ್ಲಿ ಒಂದನ್ನು ಬಿಟ್ಟರೆ, ಸೇತುವೆ ಕಟ್ಟಗೊಡುತ್ತಿರಲಿಲ್ಲ. ಓಡಿಬಂದ ಜನ ನದಿಯ ದಡದಲ್ಲಿ ಸಿಕ್ಕಿಬಿದ್ದು ಸುಟ್ಟು ಮುಳುಗಿ ಸತ್ತರು. ಕೆಲವೇ ವರ್ಷಗಳಲ್ಲಿ ಅಲ್ಲಿ ರ್ಯೊಗೊಕು ಸೇತುವೆ ಬಂತು. ಆಚೆ ದಂಡೆಯಲ್ಲಿ ಗುರುತು ಸಿಗದ ಹೆಣಗಳನ್ನು ಹೂತು, ಅದರ ಮೇಲೆ ಎಕೋ-ಇನ್ ಎಂಬ ದೇಗುಲವನ್ನು ಕಟ್ಟಿದರು. ‘ಎಕೋ’ ಎಂದರೆ ತಾನು ಗಳಿಸಿದ ಪುಣ್ಯವನ್ನು ಸತ್ತವರಿಗೆ ಧಾರೆಯೆರೆಯುವುದು. ಬೌದ್ಧರ ಸಂಸ್ಕೃತದಲ್ಲಿ ‘ಪರಿಣಾಮನ’. ಆ ದೇಗುಲದ ಪೂರ್ಣ ಹೆಸರಿನಲ್ಲಿ ‘ಸಂಬಂಧವಿಲ್ಲದವರ ದೇಗುಲ’ ಎಂಬ ಅರ್ಥದ ಮಾತೂ ಇದೆ. ಎಳ್ಳುನೀರು ಬಿಡುವವರು ಯಾರೂ ಇಲ್ಲದವರಿಗೆ ಊರೇ ಸಂಬಂಧಿಯಾಗಿ ನಿಂತ ಜಾಗ.

ಎದೊ ಕಾಲದ ನಗರದರ್ಶನದಲ್ಲಿ ಈ ಎಕೋ-ಇನ್ ತಪ್ಪದೆ ಇರುತ್ತಿತ್ತು. ದೂರದ ಪ್ರಾಂತಗಳ ದೇಗುಲಗಳು ತಮ್ಮ ಗುಪ್ತ ವಿಗ್ರಹಗಳನ್ನು ತಂದು ಇಲ್ಲಿ ಜನರಿಗೆ ದರ್ಶನ ಮಾಡಿಸಿ ಕಾಣಿಕೆ ಎತ್ತುತ್ತಿದ್ದವು. ದೇಗುಲಕ್ಕೆ ಹಣ ಕೂಡಿಸುವ ಸೂಮೊ ಪಂದ್ಯಗಳು ಇದರ ಅಂಗಳದಲ್ಲೇ ನೆಲೆಯೂರಿದವು. 1909ರಲ್ಲಿ ಮೊದಲ ಕೊಕುಗಿಕಾನ್ ಎದ್ದದ್ದೂ ಇದೇ ಅಂಗಳದಲ್ಲಿ. ಸೇತುವೆಯ ತಲೆಯಲ್ಲಿ, ಬೆಂಕಿ ಹರಡದಿರಲೆಂದು ಖಾಲಿ ಬಿಟ್ಟ ಬಯಲಿನಲ್ಲಿ, ಜಾತ್ರೆಯೇ ನಡೆಯುತ್ತಿತ್ತು. ಸತ್ತವರ ಮಗ್ಗುಲಲ್ಲಿ ಆಟ, ಊಟ, ನಗು. ಇದರಲ್ಲಿ ಅಗೌರವವೇನೂ ಅವರಿಗೆ ಕಾಣಲಿಲ್ಲ. ನಮ್ಮ ಊರುಗಳಲ್ಲಿಯೂ ಜಾತ್ರೆಗಳು ಸಮಾಧಿ ಗದ್ದುಗೆಗಳ ಸುತ್ತ ನೆರೆದಿಲ್ಲವೆ?

ಎರಡನೆಯ ಬೆಂಕಿ 1923ರ ಸೆಪ್ಟೆಂಬರ್ 1ರದು. ಭೂಮಿ ನಡುಗಿದ್ದು ಮಧ್ಯಾಹ್ನಕ್ಕೆ ಎರಡು ನಿಮಿಷವಿರುವಾಗ. ಮನೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಸೇನೆಯ ಉಡುಪು ತಯಾರಿಸುವ ಡಿಪೋ ತೆರವಾಗಿ ಬಯಲಾಗಿದ್ದ ಯೊಕೊಅಮಿಚೊದ ಜಾಗಕ್ಕೆ ಜನ ಗಾಡಿಗಟ್ಟಲೆ ಹಾಸಿಗೆ ಪಾತ್ರೆಗಳೊಡನೆ ಓಡಿಬಂದರು. ಸುರಕ್ಷಿತವೆಂದು ಕಂಡ ಬಯಲು ಅದು. ಸಂಜೆಯ ಮೊದಲೇ ಬೆಂಕಿಯ ಸುಂಟರಗಾಳಿ ಅದರ ಮೇಲೆ ಹಾದು, ಅಲ್ಲೊಂದರಲ್ಲೇ ಸುಮಾರು 38,000 ಜನ ಸತ್ತರು.

ಆ ದಿನಗಳಲ್ಲಿ ಸತ್ತವರೆಲ್ಲ ಬೆಂಕಿಯಿಂದ ಸಾಯಲಿಲ್ಲ. ಕೊರಿಯನ್ನರು ಬಾವಿಗೆ ವಿಷ ಬೆರೆಸುತ್ತಿದ್ದಾರೆಂಬ ಸುಳ್ಳು ಸುದ್ದಿ ಹಬ್ಬಿ, ಕಾವಲು ಗುಂಪುಗಳೂ ಕೆಲವೆಡೆ ಪೊಲೀಸರೂ ಸೈನಿಕರೂ ಸೇರಿ ಸಾವಿರಾರು ಕೊರಿಯನ್ನರನ್ನು ಕೊಂದರು. ಚೀನೀಯರೂ, ಮಾತು ಬೇರೆಯಾಗಿ ಕೇಳಿಸಿದ ಕೆಲವು ಜಪಾನೀಯರೂ ಹತರಾದರು. ದಾರಿಯಲ್ಲಿ ನಿಲ್ಲಿಸಿ ‘ಹದಿನೈದು ಯೆನ್ ಐವತ್ತು ಸೆನ್’ ಎಂದು ಜಪಾನಿಯಲ್ಲಿ ಉಚ್ಚರಿಸಲು ಹೇಳುತ್ತಿದ್ದರು. ಪದದ ಮೊದಲಲ್ಲಿ ಬರುವ ಘೋಷಾಕ್ಷರ ಕೊರಿಯನ್ನರ ನಾಲಿಗೆಗೆ ಸುಲಭವಾಗಿ ಹೊರಳುವುದಿಲ್ಲ. ಬೇರೆ ಭಾಷೆಯ ನಾಡುಗಳಲ್ಲಿ ಬದುಕು ಕಟ್ಟಿಕೊಂಡು, ಉಚ್ಚಾರದಿಂದಲೇ ಗುರುತಾಗುವ ನಮ್ಮಂಥವರು ಈ ಸಂಗತಿಯನ್ನು ಓದಿ ಮುಂದಿನ ಸಾಲಿಗೆ ಬೇಗ ಹೋಗಲಾರೆವು. ಹೀಗೆ ಹತರಾದ ಕೊರಿಯನ್ನರ ನೆನಪಿನ ಕಲ್ಲನ್ನು 1973ರಲ್ಲಿ ಯೊಕೊಅಮಿಚೊ ಉದ್ಯಾನದಲ್ಲಿ ನಾಗರಿಕರು ನಿಲ್ಲಿಸಿದರು. ಪ್ರತಿ ಸೆಪ್ಟೆಂಬರ್ 1ರಂದು ಅದರ ಮುಂದೆ ನಡೆಯುವ ಸ್ಮರಣೆಗೆ ಟೋಕಿಯೊದ ಗವರ್ನರರು ಸಂತಾಪ ಸಂದೇಶ ಕಳಿಸುವುದು ರೂಢಿಯಾಗಿತ್ತು. ಗವರ್ನರ್ ಕೊಯಿಕೆ ಯುರಿಕೊ 2017ರಿಂದ ಅದನ್ನು ನಿಲ್ಲಿಸಿದರು. ಎಲ್ಲ ಮೃತರಿಗೂ ಒಟ್ಟಾಗಿ ಗೌರವ ಸಲ್ಲಿಸುತ್ತಿರುವುದಾಗಿ ಅವರ ಸಮರ್ಥನೆ. ಭೂಕಂಪದಿಂದ ಸತ್ತವರನ್ನೂ ಮನುಷ್ಯರ ಕೈಯಿಂದ ಸತ್ತವರನ್ನೂ ಒಂದೇ ಸಂದೇಶದಲ್ಲಿ ಸೇರಿಸಿಬಿಡುವುದು ಸರಿಯಲ್ಲವೆಂದೇ ನನ್ನ ಎಣಿಕೆ.

ಮೂರನೆಯ ಬೆಂಕಿ 1945ರ ಮಾರ್ಚಿ 10ರದು. ನಡುರಾತ್ರಿ ದಾಟಿದೊಡನೆ ಸುಮಾರು ಮುನ್ನೂರು ಬಿ-29 ವಿಮಾನಗಳು ತಗ್ಗಿನಲ್ಲಿ ಹಾರಿಬಂದು, ಸುಮಿದಾದ ಎರಡೂ ದಂಡೆಗಳ ಮರದ ಮನೆಗಳ ಮೇಲೆ ನೇಪಾಮ್ ತುಂಬಿದ ಬೆಂಕಿಬಾಂಬುಗಳನ್ನು ಸುರಿದವು. ಬೆಳಗಾಗುವಷ್ಟರಲ್ಲಿ ಸುಮಾರು 41 ಚದರ ಕಿಲೋಮೀಟರು ಸುಟ್ಟು, ಸುಮಾರು ಒಂದು ಲಕ್ಷ ಜನ ಸತ್ತರು, ಹತ್ತು ಲಕ್ಷ ಜನ ಮನೆ ಕಳೆದುಕೊಂಡರು. 1657ರಲ್ಲಿ ಸೇತುವೆ ಇಲ್ಲದೆ ಸತ್ತರೆಂದು ಸೇತುವೆಗಳನ್ನು ಕಟ್ಟಿದ್ದ ನಗರ ಇದು. ಈ ಸಲ ಅಸಾಕುಸಾದ ಪಕ್ಕದ ಕೊತೊತೊಇ ಸೇತುವೆಯ ಮೇಲೆ, ಆಚೆ ಹೋದರೆ ಬದುಕಿಯೇವೆಂದು ಎರಡೂ ದಡದಿಂದ ನುಗ್ಗಿದ ಜನ ನಡುವೆ ಸಿಕ್ಕಿಕೊಂಡರು. ಬೆಂಕಿ ಸೇತುವೆಯ ಉದ್ದಕ್ಕೂ ಹಾಯಿತು. ದೋಣಿ ಹೊರಡುವ ಜಾಗದಿಂದ ನಡೆದು ಹೋಗುವಷ್ಟು ಹತ್ತಿರದ ಸುಮಿದಾ ಉದ್ಯಾನದಲ್ಲಿ ಆ ಸೇತುವೆಯ ಹಳೆಯ ಅಂಚುಗಲ್ಲುಗಳನ್ನು ತಂದಿಟ್ಟಿದ್ದಾರೆ.

ಹೆಣಗಳನ್ನು ಕಿನ್‌ಶಿ, ಸಾರುಯೆ, ಉಎನೊ ಮೊದಲಾದ ಉದ್ಯಾನಗಳಲ್ಲಿ ತಾತ್ಕಾಲಿಕವಾಗಿ ಹೂತು, ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ ಅಗೆದು ತೆಗೆದು ದಹನ ಮಾಡಿದರು. ಅಸ್ಥಿಗಳನ್ನು ಎಲ್ಲಿಡಬೇಕು? ಯೊಕೊಅಮಿಚೊದಲ್ಲಿ ಭೂಕಂಪದ ಮೃತರಿಗಾಗಿ 1930ರಲ್ಲಿ ಕಟ್ಟಿದ ಸ್ಮಾರಕ ಮಂದಿರವಿತ್ತು; ಸುಮಾರು 58,000 ಜನರ ಅಸ್ಥಿ ಅಲ್ಲಿತ್ತು. ಅದರ ಜೊತೆಗೇ ಯುದ್ಧದ ಸುಮಾರು 1,05,000 ಜನರ ಅಸ್ಥಿಯನ್ನೂ ಇಟ್ಟು, 1951ರಲ್ಲಿ ಮಂದಿರದ ಹೆಸರನ್ನು ‘ಟೋಕಿಯೊ ಇರೆಯ್‌ದೊ’ ಎಂದು ಬದಲಿಸಿದರು. ಪ್ರಕೃತಿಯ ಪ್ರಕೋಪದಲ್ಲಿ ಸತ್ತವರೂ ವಿಮಾನದಾಳಿಗೆ ಸತ್ತವರೂ ಹೀಗೆ ಒಂದೇ ಸೂರಿನಡಿ ಬಂದರು. ದಾಳಿಯಲ್ಲಿ ಸತ್ತವರಿಗೆ ಪ್ರತ್ಯೇಕವಾದ ಸ್ಮಾರಕವೊಂದು ಅಲ್ಲಿಯೇ, ಹೂಗಿಡಗಳ ಇಳಿಜಾರಿನ ರೂಪದಲ್ಲಿ, ಬಂದದ್ದು 2001ರಲ್ಲಿ. ಹೆಸರುಗಳ ದಾಖಲೆ ಅದರೊಳಗಿದೆ. ಮಹಾನಗರ ಸರಕಾರ ಕಟ್ಟಬೇಕೆಂದಿದ್ದ ಶಾಂತಿ ವಸ್ತುಸಂಗ್ರಹಾಲಯದ ಯೋಜನೆ ವಾದವಿವಾದಗಳಲ್ಲಿ ಸಿಕ್ಕಿ 1999ರಲ್ಲಿ ನಿಂತುಹೋಯಿತು. ದಾಳಿಯ ರಾತ್ರಿ ಹನ್ನೆರಡು ವರ್ಷದ ಹುಡುಗನಾಗಿದ್ದ ಲೇಖಕ ಸಾಓತೊಮೆ ಕಾತ್ಸುಮೊತೊ ಮತ್ತು ಗೆಳೆಯರು ಜನರಿಂದ ಹಣ ಕೂಡಿಸಿ 2002ರಲ್ಲಿ ಒಂದು ಸಣ್ಣ ಸಂಗ್ರಹಾಲಯವನ್ನು ಕೊತೊ ಬಡಾವಣೆಯಲ್ಲಿ ತೆರೆದರು. ಇತ್ತ, ಆ ದಾಳಿಗಳನ್ನು ನಡೆಸಿದ ಜನರಲ್ ಕರ್ಟಿಸ್ ಲೆಮೇಗೆ ಜಪಾನ್ ಸರಕಾರ 1964ರಲ್ಲಿ ಉದಯಸೂರ್ಯ ಪದಕದ ಪ್ರಥಮ ದರ್ಜೆಯನ್ನು ನೀಡಿತ್ತು. ಜಪಾನಿನ ವಾಯುಪಡೆಯನ್ನು ಕಟ್ಟಲು ನೆರವಾದದ್ದಕ್ಕೆ. ಹಿರೋಶಿಮಾಕ್ಕೆ ಹೋಗುವ ಪ್ರವಾಸಿ ಸತ್ತವರನ್ನು ನೆನೆಯಲೆಂದೇ ಹೋಗುತ್ತಾನೆ. ಟೋಕಿಯೊದಲ್ಲಿ ಒಂದೇ ರಾತ್ರಿ ಅಷ್ಟು ಜನ ಸತ್ತರೆಂಬುದು ಅಲ್ಲಿ ಇಡೀ ದಿನ ಸುತ್ತಿದವನಿಗೂ ತಿಳಿಯದೆ ಹೋಗಬಹುದು. ಬಸ್ಸಿನ ವೇಳೆಯ ಅಭಾವ ಇದಕ್ಕೆ ಕಾರಣವಲ್ಲ. ದೋಣಿ ಆ ಉದ್ಯಾನದ ಕೂಗಳತೆಯಲ್ಲೇ ಹಾಯುತ್ತದೆ.

ಯೊಕೊಅಮಿಚೊದ ಮಂದಿರವನ್ನು ರೂಪಿಸಿದವರು ವಾಸ್ತುಶಿಲ್ಪಿ ಇತೊ ಚೂತಾ. ಮುಂಭಾಗ ಜಪಾನೀ ದೇಗುಲದಂತಿದ್ದು ಹಿಂಬದಿಯಲ್ಲಿ ಮೂರು ಅಂತಸ್ತಿನ ಪಗೋಡಾ ಇದೆ, ಅಸ್ಥಿಗಳಿರುವುದು ಅಲ್ಲಿ. ಜಪಾನೀ ವಾಸ್ತುವಿನ ಬೇರುಗಳನ್ನು ಹುಡುಕುತ್ತ ಇತೊ 1902ರಿಂದ ಮೂರು ವರ್ಷ ಚೀನಾ, ಬರ್ಮಾ, ಭಾರತ, ತುರ್ಕಿಗಳನ್ನು ಸುತ್ತಿದ್ದರು. ಭಾರತದಲ್ಲಿ ಕಂಡದ್ದು ಅವರ ಇನ್ನೊಂದು ಕಟ್ಟಡದಲ್ಲಿ ಎದ್ದು ಕಾಣುತ್ತದೆ. ದೋಣಿ ಇಳಿಯುವ ಕಡಲಂಚಿನಿಂದ ಅದು ದೂರವಿಲ್ಲ. ಮೀನಿನ ಪೇಟೆಯಿಂದ ಹೆಸರಾದ ತ್ಸುಕಿಜಿಯಲ್ಲಿ, ಹೊಂಗಾಂಜಿ ಎಂಬ ಬೌದ್ಧ ದೇಗುಲ.

ಬಸ್ಸು ಇದರ ಮುಂದೆ ನಿಧಾನಿಸುತ್ತದೆ, ಕೆಲವೊಮ್ಮೆ ನಿಲ್ಲುತ್ತದೆ. ಭಾರತೀಯ ಶೈಲಿಯ ವಿಚಿತ್ರ ದೇಗುಲವೆಂದು ಎರಡು ಮಾತು ಹೇಳುತ್ತಾರೆ. ಮುಖಮಂಟಪದ ಮೇಲಿನ ದೊಡ್ಡ ಕಮಾನು ಚೈತ್ಯದ ಗವಾಕ್ಷಿ. ಲೋಣಾವಳದ ಬಳಿಯ ಕಾರ್ಲೆ, ಭಾಜೆಯ ಗುಹೆಗಳನ್ನು ಒಮ್ಮೆಯಾದರೂ ಹತ್ತಿದ ಮುಂಬಯಿ ಪುಣೆಯ ಓದುಗರಿಗೆ ಅದರ ಗುರುತು ಹೇಳಿಕೊಡಬೇಕಾಗಿಲ್ಲ. ಒಳಗಿನ ಮೆಟ್ಟಿಲುಗಳ ಬದಿಗೆ ಆನೆ, ಮಂಗ, ನವಿಲುಗಳನ್ನು ಕೂರಿಸಿದ್ದಾರೆ. ಈ ದೇಗುಲ ಮೊದಲಿದ್ದದ್ದು ಬೇರೆ ಕಡೆ. 1657ರ ಬೆಂಕಿಯಲ್ಲಿ ಸುಟ್ಟಾಗ, ಹಳೆಯ ನಿವೇಶನ ಕೊಡುವುದಿಲ್ಲ, ಬೇಕಾದರೆ ಸಮುದ್ರ ತುಂಬಿಸಿ ಕಟ್ಟಿಕೊಳ್ಳಿ ಎಂದು ಶೋಗುನರು ಅಂದರು. ಭಕ್ತರು ಮಣ್ಣು ಹೊತ್ತು ಕಡಲಂಚನ್ನು ತುಂಬಿದರು. ‘ತ್ಸುಕಿಜಿ’ ಎಂಬ ಹೆಸರಿನ ಅರ್ಥವೇ ತುಂಬಿಸಿದ ನೆಲ. 1923ರಲ್ಲಿ ಮತ್ತೆ ಸುಟ್ಟಿತು. ಆ ಮೇಲೆ ಇತೊ ಮರವನ್ನು ಬಿಟ್ಟು ಕಾಂಕ್ರೀಟು ಮತ್ತು ಕಲ್ಲಿನಲ್ಲಿ, 1934ರಲ್ಲಿ, ಈಗಿರುವ ಕಟ್ಟಡವನ್ನು ಮುಗಿಸಿದರು. 1945ರಲ್ಲಿ ಅದು ಸುಡಲಿಲ್ಲ.